ತಾಬಂದೆಗೆ ಸಿಗದೆ ಹೋದ ಸೀಟು

ತಾಬಂದೆಯ ಕೈ ಹಗುರ ಎಂದು ನಮ್ಮ ಓಣಿಯವರೆಲ್ಲ ಹೇಳುತ್ತಿದ್ದರು. ಸೂಜಿ ಚುಚ್ಚಿದ್ದು ಗೊತ್ತಾಗುವ ಮೊದಲೇ ಹತ್ತಿ ಒತ್ತಿ ಹಿಡಿದಿರುತ್ತಿದ್ದಳು. ತೆಹರಾನಿನ ಪಶ್ಚಿಮಕ್ಕಿರುವ ಹಮದಾನ್ ಪಟ್ಟಣದಲ್ಲಿ ಚರ್ಮ ಹದ ಮಾಡುವವರ ಓಣಿ ನಮ್ಮದು. ಅಲ್ಲಿ ಹೆಚ್ಚುಕಡಿಮೆ ನಲವತ್ತು ವರ್ಷ ಮನೆಮನೆಗೆ ಹೋಗಿ ಹೆಂಗಸರಿಗೂ ಮಕ್ಕಳಿಗೂ ಇಂಜೆಕ್ಷನ್ ಕೊಟ್ಟವಳು. ಹೋದ ವರ್ಷ ಎಲೆ ಉದುರುವ ಕಾಲದಲ್ಲಿ ತೀರಿಕೊಂಡಳು. ಅರವತ್ತಮೂರು ವರ್ಷವಾಗಿತ್ತು. ಏಳನೆಯ ದಿನ ಹಲ್ವಾ ತಿನ್ನುತ್ತ ಕೂತ ಹೆಂಗಸರಲ್ಲಿ ಒಬ್ಬಳು, "ಡಾಕ್ಟರಾಗ್ಬೇಕಿತ್ತಂತೆ ಪಾಪ, ಯಾಕೋ ಓದು ಅರ್ಧಕ್ಕೆ ಬಿಟ್ಳಂತೆ" ಎಂದಳು. ಅವಳಾಗಿ ಬಿಟ್ಟದ್ದಲ್ಲ. ಅವಳ ಸೀಟು ಕಿತ್ತುಕೊಂಡರು. ಕಿತ್ತುಕೊಳ್ಳುವವರಿಗೆ ಬೇಕಾದ ಮಾತನ್ನು ಒದಗಿಸಿದವಳು ನಾನು. ಇದು ಗೊತ್ತಿದ್ದವರೆಲ್ಲ ಮಣ್ಣಿನಡಿ ಹೋದರು. ಉಳಿದಿರುವುದು ನಾನೊಬ್ಬಳೇ ಆದ್ದರಿಂದ ಬರೆದಿಡುತ್ತಿದ್ದೇನೆ.

ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಅವಳ ಅಪ್ಪ ರಹಮತ್ ಆಘಾ ಬಜಾರಿನ ಬಾಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದರು. ಅಮ್ಮ ಎಶ್ರತ್ ನನಗಿಂತ ಐದಾರು ವರ್ಷ ದೊಡ್ಡವಳು. ಚರ್ಮದ ಕೆಲಸದ ಸುಣ್ಣ ಎದೆಗೆ ಹೋಗಿ ನನ್ನ ಗಂಡ ಸತ್ತಾಗ ನನಗೆ ಮೂವತ್ತೈದು, ಮಕ್ಕಳಿರಲಿಲ್ಲ. ಅಂದಿನಿಂದ ನನ್ನ ಅರ್ಧ ದಿನ ಎಶ್ರತಳ ಅಡಿಗೆಮನೆಯಲ್ಲೇ ಕಳೆಯುತ್ತಿತ್ತು. "ಮುನವ್ವರ್, ನಿನ್ನ ಬಾಯಿಗೊಂದು ಚಿಲಕ ಹಾಕಿಸ್ಕೋಬಾರ್ದೇನೇ" ಎಂದು ಅವಳು ದಿನಕ್ಕೆ ಹತ್ತು ಸಲ ಅನ್ನುತ್ತಿದ್ದಳು. ಆಗ ಅದು ತಮಾಷೆಯ ಮಾತು.

ತಾಬಂದೆಗೆ ಹದಿನೆಂಟಾದಾಗ ತೆಹರಾನಿನಲ್ಲಿ ವೈದ್ಯಕೀಯ ಸೀಟು ಸಿಕ್ಕಿತು. ಪತ್ರಿಕೆಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಹೆಸರುಗಳು ಬಂದಿದ್ದವು. ರಹಮತ್ ಆಘಾ ಗಡಿಯಾರ ನೋಡುವ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ನೆಲಕ್ಕೆ ಬೋರಲಾಗಿ ಮಗಳ ಹೆಸರು ಹುಡುಕಿದ್ದರು. ಸಿಕ್ಕ ಮೇಲೆ ಆ ಗಾಜು ತೆಗೆಯುವುದನ್ನೂ ಮರೆತು ಓಣಿಗೆಲ್ಲ ಮಿಠಾಯಿ ಹಂಚಿದರು. ನಮ್ಮ ಓಣಿಯಿಂದ ಅಷ್ಟು ದೂರ ಓದಲು ಹೋದ ಹೆಣ್ಣು ಅವಳೇ ಮೊದಲು.

ಓದು ಎರಡು ವರ್ಷವೂ ನೆಟ್ಟಗೆ ನಡೆಯಲಿಲ್ಲ. ರಾಜ ಹೋದ, ಕ್ರಾಂತಿಯಾಯಿತು, ಅದರ ಮರುವರ್ಷವೇ ವಿಶ್ವವಿದ್ಯಾಲಯಗಳಿಗೆಲ್ಲ ಬೀಗ ಬಿತ್ತು. ತಾಬಂದೆ ಒಂದು ತಗಡಿನ ಪೆಟ್ಟಿಗೆಯ ಸಮೇತ ವಾಪಸು ಬಂದಳು. "ಪುಸ್ತಕ ತಿದ್ದುತಾರಂತೆ, ಮೇಷ್ಟ್ರುಗಳನ್ನ ಜರಡಿ ಹಿಡೀತಾರಂತೆ, ಆಮೇಲೆ ತೆಗೀತಾರಂತೆ" ಎಂದರು ರಹಮತ್ ಆಘಾ. ತಿಂಗಳೆರಡು ತಿಂಗಳ ಮಾತು ಅಂದುಕೊಂಡೆವು. ಗಡಿಯಲ್ಲಿ ಯುದ್ಧ ಶುರುವಾಯಿತು, ಮೂರು ಚಳಿಗಾಲ ಕಳೆಯಿತು.

ಆ ಮೂರು ಚಳಿಗಾಲವೂ ಅಡಿಯಲ್ಲಿ ಕೆಂಡವಿಟ್ಟ ಮಣೆಯ ಸುತ್ತ ಒಂದೇ ರಜಾಯಿಯೊಳಗೆ ಕಾಲು ತೂರಿಸಿ ಕೂತು ಅವಳು ನನಗೆ ಅಕ್ಷರ ಕಲಿಸಿದಳು. ನಾನು ನಾಲ್ಕನೆಯ ಅಕ್ಷರಕ್ಕೇ ಆಕಳಿಸುತ್ತಿದ್ದೆ. "ಖಾಲೆ, ಇದೊಂದು ಸಾಲು ಓದಿ, ಒಂದು ಕಥೆ ಹೇಳ್ತೀನಿ" ಎಂದು ಪುಸಲಾಯಿಸುತ್ತಿದ್ದಳು. ನಮ್ಮಲ್ಲಿ ಚಿಕ್ಕಮ್ಮನಿಗೆ ಖಾಲೆ ಅನ್ನುತ್ತಾರೆ, ನನ್ನನ್ನೂ ಅವಳು ಹಾಗೇ ಕರೆಯುತ್ತಿದ್ದಳು. ಹಾಗೆ ಹೇಳಿದ್ದರಲ್ಲಿ ಮೆಟ್ಟಿಲಿನ ಕಥೆಯೂ ಒಂದು. ಬೀಗ ಹಾಕುವ ಹಿಂದಿನ ವಾರ ಕಾಲೇಜಿನ ಗ್ರಂಥಾಲಯದ ಮುಂದೆ ಇನ್ನೂರು ಹುಡುಗರು ಎರಡು ಗುಂಪಾಗಿ ಕೂಗಾಡುತ್ತಿದ್ದರಂತೆ. ಇವಳು ಏಳು ಮೆಟ್ಟಿಲು ಹತ್ತಿ ನಿಂತು ಒಂದು ಚೀಟಿ ತೆಗೆದು ಓದಿದಳಂತೆ. "ಇಲ್ಲಿ ಎಲ್ಲರೂ ಮಾತಾಡಬೇಕು. ನಿಮ್ಮವರೂ ಮಾತಾಡಲಿ, ಇವರೂ ಮಾತಾಡಲಿ. ಬಾಗಿಲು ಹಾಕುವ ಹಕ್ಕು ಯಾರಿಗೂ ಇಲ್ಲ." ಇಷ್ಟೇ. ಯಾವ ಪಕ್ಷವೂ ಅವಳದಲ್ಲ. ಜೊತೆಯವಳೊಬ್ಬಳು ಮೊಣಕೈ ಹಿಡಿದುಕೊಂಡಿದ್ದಳಂತೆ. ಅವಳ ಹೆಸರು ಶಂಸಿ, ಊರು ನಹಾವಂದ್. "ಅವಳು ಹಿಡ್ಕೊಳ್ದೇ ಇದ್ದಿದ್ರೆ ಬಿದ್ದೇ ಹೋಗ್ತಿದ್ದೆ ಖಾಲೆ" ಎಂದು ತಾಬಂದೆ ನಕ್ಕಿದ್ದಳು. ನನಗೆ ಆ ಕಥೆ ಎಷ್ಟು ಹಿಡಿಸಿತೆಂದರೆ ಮತ್ತೆ ಮತ್ತೆ ಹೇಳಿಸಿಕೊಂಡೆ.

ಮೂರನೆಯ ಚಳಿಗಾಲ ಕಳೆದ ಮೇಲೆ ವಿಶ್ವವಿದ್ಯಾಲಯಗಳನ್ನು ಮತ್ತೆ ತೆರೆಯುತ್ತಾರೆಂದು ಸುದ್ದಿಯಾಯಿತು. ಹಳೆಯ ವಿದ್ಯಾರ್ಥಿಗಳೂ ಸೀಟಿಗೆ ಹೊಸದಾಗಿ ಅರ್ಜಿ ಹಾಕಬೇಕಿತ್ತು. ತಾಬಂದೆ ಹಾಕಿದಳು. ಎಶ್ರತ್ ಇದನ್ನು ಯಾರಿಗೂ ಹೇಳಲಿಲ್ಲ, ನನಗೂ ಹೇಳಲಿಲ್ಲ. ಮೊದಲ ಸಲ ಮಿಠಾಯಿ ಹಂಚಿದ್ದಕ್ಕೇ ಓಣಿಯ ಕಣ್ಣು ಬಿದ್ದು ಕಾಲೇಜು ಮುಚ್ಚಿತು ಎಂದು ಅವಳ ನಂಬಿಕೆ. ಈ ಸಲ ಸೀಟು ಕೈಗೆ ಬರುವವರೆಗೆ ಗೋಡೆಗೂ ತಿಳಿಯಬಾರದು ಎಂದು ಮಗಳಿಂದ ಆಣೆ ಹಾಕಿಸಿಕೊಂಡು, ದಿನಾ ಸಂಜೆ ಕೆಂಡಕ್ಕೆ ದೃಷ್ಟಿ ತೆಗೆಯುವ ಬೀಜ ಹಾಕಿ ಹೊಗೆ ಹಿಡಿಯುತ್ತಿದ್ದಳಂತೆ. ಆ ಹೊಗೆಯ ವಾಸನೆ ನನಗೂ ಬರುತ್ತಿತ್ತು. ಮದುವೆಯ ಮಾತುಕತೆಗೆ ಅಂದುಕೊಂಡಿದ್ದೆ. ಮಲಾಯೆರಿನ ಒಣದ್ರಾಕ್ಷಿ ವ್ಯಾಪಾರಿಯ ಮನೆಯವರು ತಾಬಂದೆಯನ್ನು ತಮ್ಮ ಹುಡುಗನಿಗೆ ಕೇಳುತ್ತಾರೆ ಎಂಬ ಮಾತು ಊರ ಸಾರ್ವಜನಿಕ ಸ್ನಾನದ ಮನೆಗೆ ಬರುವ ಹೆಂಗಸರ ನಡುವೆ ಎರಡು ತಿಂಗಳಿಂದ ಓಡಾಡುತ್ತಿತ್ತು.

ನಮ್ಮಲ್ಲಿ ಹೆಣ್ಣು ಕೇಳುವ ಮೊದಲು ಗಂಡಿನ ಕಡೆಯ ಇಬ್ಬರು ಹೆಂಗಸರು ಬಂದು ಅಕ್ಕಪಕ್ಕದ ಮನೆಗಳಲ್ಲಿ ವಿಚಾರಿಸುತ್ತಾರೆ. ಬಂದವರ ಮುಂದೆ ಹುಡುಗಿಯನ್ನು ಹೊಗಳುವುದು ನೆರೆಯವಳ ಧರ್ಮ. ಸುಮ್ಮನಿದ್ದರೆ, ತಡವರಿಸಿದರೆ, ಹುಡುಗಿಯಲ್ಲಿ ಏನೋ ಐಬು ಇದೆ ಎಂದು ಅರ್ಥ. ಅವರು ಬಂದುಹೋದದ್ದನ್ನು ಹುಡುಗಿಯ ಮನೆಯವರಿಗೆ ಹೇಳುವುದೂ ಇಲ್ಲ. ಮಾತು ಮುರಿದರೆ ಅವರಿಗೆ ನಾಚಿಕೆ.

ದಾಳಿಂಬೆಯ ಕಾಲದಲ್ಲಿ ಒಂದು ಬೆಳಿಗ್ಗೆ ಇಬ್ಬರು ನನ್ನ ಬಾಗಿಲು ತಟ್ಟಿದರು. ಕಪ್ಪು ಚಾದರ ಹೊದ್ದಿದ್ದರು. ಒಬ್ಬಳಿಗೆ ನನ್ನದೇ ವಯಸ್ಸು, ಇನ್ನೊಬ್ಬಳು ಚಿಕ್ಕವಳು.

"ಸಲಾಂ ಖಾನುಂ. ಪಕ್ಕದ ಮನೆ ಹುಡುಗಿ ವಿಚಾರವಾಗಿ ಎರಡು ಮಾತು ಕೇಳೋದಿತ್ತು" ಎಂದಳು ದೊಡ್ಡವಳು.

"ಬನ್ನಿ ಬನ್ನಿ, ಒಳಗೆ ಬನ್ನಿ. ಎಷ್ಟು ದಿನದಿಂದ ಕಾಯ್ತಿದ್ದೀನಿ ನಿಮಗೆ!" ಎಂದೆ. ಇಬ್ಬರೂ ಮುಖ ಮುಖ ನೋಡಿಕೊಂಡರು. ದೂರದಿಂದ ಬಂದವರಲ್ಲವೆ, ಸಂಕೋಚ ಎಂದುಕೊಂಡು ಚಹಾ ಇಟ್ಟೆ, ದಾಳಿಂಬೆ ಬಿಡಿಸಿ ಕೊಟ್ಟೆ.

"ಹುಡುಗಿ ನಡತೆ ಹೇಗೆ?"

"ಬಂಗಾರ. ಹೊಲಿಗೆ ಬರುತ್ತೆ, ಅಡಿಗೆ ಬರುತ್ತೆ. ಅವಳು ಮಾಡಿದ ಆಶ್ ಒಂದು ಬಟ್ಟಲು ಕುಡಿದ್ರೆ ಹೆಣ ಎದ್ದು ಕೂತ್ಕೋಬೇಕು."

"ಅದಿರ್ಲಿ. ನಮಾಜು?"

"ತಪ್ಪಿಸಲ್ಲ. ಬೆಳಗಿಂದು ಒಂದೊಂದ್ಸಲ ನಿದ್ದೇಲಿ ಹೋಗುತ್ತೆ, ಅದಕ್ಕೆ ಅವಳಮ್ಮ ಸೌಟು ಹಿಡ್ಕೊಂಡು ಬರ್ತಾಳೆ. ಹರೆಯದ ನಿದ್ದೆ, ನಮಗೆ ಬರ್ತಿರ್ಲಿಲ್ವಾ?"

ದೊಡ್ಡವಳು ನಗಲಿಲ್ಲ. "ಮನೆಗೆ ಯಾರ್ಯಾರು ಬರ್ತಾರೆ? ಏನು ಓದ್ತಾಳೆ?" ಎಂದಳು. ಹುಡುಗಿಯ ಕೂದಲು ಎಷ್ಟುದ್ದ, ಹಲ್ಲು ಹೇಗಿದೆ, ಅಮ್ಮನಿಗೆ ಏನಾದರೂ ಕಾಯಿಲೆ ಇದೆಯೆ ಎಂದು ಒಂದೂ ಕೇಳಲಿಲ್ಲ. ಓದಿದ ಮನೆತನ ಎಂದುಕೊಂಡೆ ನಾನು, ಮೂರ್ಖಳು.

ಆಮೇಲೆ ಚಿಕ್ಕವಳು ಕೇಳಿದಳು, "ತೆಹರಾನಲ್ಲಿ ಒಬ್ಬಳೇ ಇದ್ಲಲ್ಲ. ಅಲ್ಲಿ ಹೇಗಿದ್ಲು? ನಿಮಗೇನಾದ್ರೂ ಹೇಳಿದ್ದಾಳಾ?"

ಸಂಬಂಧಗಳು ಮುರಿಯುವುದೇ ಇಂಥ ಪ್ರಶ್ನೆಯಲ್ಲಿ. ಊರು ಬಿಟ್ಟು ಒಬ್ಬಳೇ ಇದ್ದ ಹುಡುಗಿ ಎಂದರೆ ಸಾಕು, ಜನ ಏನಾದರೂ ಅಂಟಿಸುತ್ತಾರೆ. ನಾನು ತಡವರಿಸಬಾರದು ಎಂದು ನೆಟ್ಟಗೆ ಕೂತೆ. "ಕೇಳಿ ಹೇಳ್ತೀನಿ" ಎಂದು ಮೆಟ್ಟಿಲಿನ ಕಥೆ ಶುರು ಮಾಡಿದೆ. ಇನ್ನೂರು ಹುಡುಗರನ್ನು ಎರಡು ಸಾವಿರ ಮಾಡಿದೆ. ಹೆಣ್ಣು ಕೇಳುವ ಮಾತಿನಲ್ಲಿ ಒಂದು ಸೊನ್ನೆ ಸೇರಿಸಿದರೆ ಯಾರ ಗಂಟೂ ಹೋಗುವುದಿಲ್ಲ. "ಏಳು ಮೆಟ್ಟಿಲು ಹತ್ತಿ, ಎರಡು ಸಾವಿರ ಗಂಡಸರ ಮುಂದೆ ನಿಂತು ಮಾತಾಡಿದ ಸಿಂಹಿಣಿ ನಮ್ಮ ಹುಡುಗಿ. ಒಬ್ಬನೂ ಅವಳ ಸೆರಗಿನ ಅಂಚು ಮುಟ್ಟಲಿಲ್ಲ. ಅಂಥವಳ ನಡತೆ ಬಗ್ಗೆ ಕೇಳ್ತೀರಲ್ಲ!"

"ಏನು ಮಾತಾಡಿದ್ಲು?"

ನಾನು ಬಾಯಿಪಾಠ ಒಪ್ಪಿಸುವ ಹುಡುಗಿಯ ಹಾಗೆ ಒಪ್ಪಿಸಿದೆ. ಗೆಳತಿಯೊಬ್ಬಳು ಮೊಣಕೈ ಹಿಡಿದಿದ್ದಳು ಎಂಬುದನ್ನೂ ಬಿಡಲಿಲ್ಲ. ಜೊತೆಯಲ್ಲಿ ಹೆಣ್ಣೊಬ್ಬಳಿದ್ದಳು, ಒಂಟಿಯಲ್ಲ ಎಂದು ತಿಳಿಯಲಿ ಅಂತ. ಹೆಸರು ಮಾತ್ರ ಬಾಯಿಗೆ ಬರಲಿಲ್ಲ. ಅದು ದೇವರ ದಯೆ, ನನ್ನ ಜಾಣತನವಲ್ಲ.

ಬಾಗಿಲವರೆಗೆ ಬಂದು ಬೀಳ್ಕೊಟ್ಟೆ. "ಹುಡುಗನ ಫೋಟೋ ತಂದಿಲ್ವಾ?" ಎಂದೆ. ದೊಡ್ಡವಳು ಚಾದರ ಸರಿಮಾಡಿಕೊಂಡು ಇಳಿದುಹೋದಳು. ಆ ಸಂಜೆ ಅವಳ ಬಟ್ಟಲ ದಾಳಿಂಬೆಯನ್ನು ನಾನೇ ತಿಂದೆ. ಒಂದು ಕಾಳೂ ಮುಟ್ಟಿರಲಿಲ್ಲ.

ಮೊದಲ ಹಿಮ ಬೀಳುವ ಹೊತ್ತಿಗೆ ಸೀಟು ಸಿಕ್ಕವರ ಪಟ್ಟಿ ಬಂತು. ರಹಮತ್ ಆಘಾ ಮತ್ತೆ ಭೂತಗನ್ನಡಿ ಸಿಕ್ಕಿಸಿಕೊಂಡು ಮೊದಲಿನಿಂದ ಕೊನೆಯವರೆಗೆ ಎರಡು ಸಲ ನೋಡಿದರಂತೆ, ಮಗಳ ಹೆಸರಿರಲಿಲ್ಲ. ಮಾರನೆಯ ದಿನ ಮಗಳನ್ನು ಕರೆದುಕೊಂಡು ನಮ್ಮೂರಿನ ಆಯ್ಕೆ ಕಚೇರಿಗೆ ಹೋದರು. ಅಂದು ಮಧ್ಯಾಹ್ನ ತಾಬಂದೆ ನನ್ನ ಬಾಗಿಲಲ್ಲಿ ಬಂದು ನಿಂತಳು. ಚಪ್ಪಲಿ ಬಿಡಲಿಲ್ಲ.

"ಖಾಲೆ, ದಾಳಿಂಬೆ ಕಾಲದಲ್ಲಿ ನಿಮ್ಮನೆಗೆ ಯಾರಾದ್ರೂ ಬಂದಿದ್ರಾ?"

"ನಿಂಗ್ಯಾರು ಹೇಳಿದ್ರೇ ಕಳ್ಳಿ? ಮಲಾಯೆರಿನವರು ಬಂದಿದ್ರು. ಏನಂತೆ, ಒಪ್ಪಿದ್ರಂತಾ?"

"ಒಪ್ಪಲಿಲ್ಲ."

"ಅಯ್ಯೋ, ಅವರ ದ್ರಾಕ್ಷಿಗೆ ಹುಳ ಬೀಳ! ನಿನ್ನಂಥವಳನ್ನ ಬಿಟ್ಟು ಯಾವ ರಾಜಕುಮಾರೀನ ತರ್ತಾರಂತೆ?"

ಅವಳು ನನ್ನನ್ನೇ ನೋಡುತ್ತ ಮೆಲ್ಲಗೆ ಹೇಳಿದಳು. "'ಏಳು ಮೆಟ್ಟಿಲು ಹತ್ತಿ, ಎರಡು ಸಾವಿರ ಗಂಡಸರ ಮುಂದೆ ನಿಂತು ಮಾತಾಡಿದ ಸಿಂಹಿಣಿ.' ಕಚೇರೀಲಿ ಓದಿ ಹೇಳಿದ್ರು. ನೆರೆಮನೆಯ ಮರ್ಯಾದಸ್ಥ ವಿಧವೆಯ ಹೇಳಿಕೆ ಅಂತ ಬರ್ದಿದೆ. ಅವರು ಹೆಣ್ಣು ಕೇಳೋಕೆ ಬಂದವರಲ್ಲ ಖಾಲೆ. ನನಗೆ ಸೀಟು ಕೊಡಬಹುದಾ ಅಂತ ಕೇಳೋಕೆ ಬಂದವರು."

ನನ್ನ ಮನೆಯ ಚಮಚ ನನಗೆ ಗುರುತು ಸಿಗುವ ಹಾಗೆ ಆ ಮಾತು ನನ್ನದೆಂದು ಗುರುತು ಸಿಕ್ಕಿತು.

ಗೋಡೆಯಾಚೆ ಎಶ್ರತ್ ಕೂಗಿದ್ದು ಓಣಿಗೆಲ್ಲ ಕೇಳಿತು. "ನಾಲಿಗೆಯಲ್ಲ ಅದು, ಪೊರಕೆ! ಮನೆಯೊಳಗಿಂದೆಲ್ಲ ಗುಡಿಸಿ ಬೀದಿಗೆ ಹಾಕೋ ಪೊರಕೆ!" ಅದಕ್ಕೆ ರಹಮತ್ ಆಘಾ, "ನೀನು ಅವಳಿಗೊಂದು ಮಾತು ಹೇಳಿದ್ದಿದ್ರೆ ಹೀಗಾಗ್ತಿತ್ತಾ? ಕಣ್ಣು ಬೀಳುತ್ತೆ, ಕಣ್ಣು ಬೀಳುತ್ತೆ ಅಂದೆ" ಎಂದದ್ದೂ ಕೇಳಿಸಿತು. ನಾನು ಆ ವಾರವೆಲ್ಲ ಗೋಡೆಯಿಂದ ದೂರ ಹಾಸಿಗೆ ಹಾಕಿಕೊಂಡೆ.

ಹಾಸಿಗೆಯಲ್ಲಿ ಹೊರಳುತ್ತ ಒಂದು ಉಪಾಯ ಮಾಡಿದೆ. ಕಚೇರಿಗೆ ಹೋಗಿ, ನಾನು ಹೇಳಿದ್ದೆಲ್ಲ ಸುಳ್ಳು ಎಂದು ಕುರಾನಿನ ಮೇಲೆ ಆಣೆ ಮಾಡುವುದು. ಸುಳ್ಳು ಆಣೆಯ ಪಾಪ ನನ್ನ ತಲೆಗಿರಲಿ, ಸೀಟು ಅವಳದಾಗಲಿ. ಯಾರಿಗೂ ಹೇಳದೆ ಹೋದೆ.

ಅಲ್ಲಿದ್ದವನಿಗೆ ಮೂವತ್ತು ದಾಟಿರಲಿಲ್ಲ. ತೆಳ್ಳನೆ ಗಡ್ಡ, ಕೈಯಲ್ಲಿ ಜಪಮಣಿ, ಮೆತ್ತನೆ ಮಾತು. "ಕೂತ್ಕೊಳ್ಳಿ ತಾಯಿ" ಎಂದು ತಾನೇ ಎದ್ದು ಕುರ್ಚಿ ಹಾಕಿದ.

"ನಾನು ಹೇಳಿದ್ದೆಲ್ಲ ಸುಳ್ಳು ಮಗನೇ. ಆ ಹುಡುಗಿ ಯಾವ ಮೆಟ್ಟಿಲೂ ಹತ್ತಿಲ್ಲ."

"ಅವತ್ತು ಹೇಳಿದ್ದು ಸುಳ್ಳೋ, ಇವತ್ತು ಹೇಳ್ತಿರೋದು ಸುಳ್ಳೋ?"

"ಅವತ್ತಿಂದೇ. ಹೆಣ್ಣು ಕೇಳೋಕೆ ಬಂದವರು ಅಂದ್ಕೊಂಡೆ. ಹೆಣ್ಣು ಕೇಳೋಕೆ ಬಂದವರ ಹತ್ರ ಯಾರಾದ್ರೂ ನಿಜ ಹೇಳ್ತಾರಾ?"

ಅವನಿಗೆ ನಗು ತಡೆಯಲಾಗಲಿಲ್ಲ. ಪಕ್ಕದ ಮೇಜಿನವನೂ ನಕ್ಕ. "ನಮ್ಮತ್ತೆ ಮನೆ ಪಕ್ಕದಲ್ಲೂ ನಿಮ್ಮಂಥವರೇ ಒಬ್ರಿದ್ರು ತಾಯಿ. ನನ್ನ ಹೆಂಡ್ತಿಗೆ ಕೋಪಾನೇ ಬರಲ್ಲ ಅಂದಿದ್ರು" ಎಂದ. ನನಗೂ ನಗು ಬಂತು. ಇವನ ಕರುಳು ಕರಗಿತು ಅಂದುಕೊಂಡೆ. ಚಹಾ ತರಿಸಿದ, ಕಡತ ಬಿಚ್ಚಿದ.

"ಸೀಟು ಮೊದಲಿನಷ್ಟಿಲ್ಲ ತಾಯಿ. ಮೇಷ್ಟ್ರುಗಳು ಎಷ್ಟೋ ಜನ ಹೋದ್ರು. ಇರೋದರಲ್ಲಿ ಯುದ್ಧಕ್ಕೆ ಹೋದವರಿಗೆ ಕೊಡಬೇಕು, ಹುತಾತ್ಮರ ಮನೆಯವರಿಗೆ ಕೊಡಬೇಕು. ಮಿಕ್ಕಿದ್ದು ಬಾಯಿ ಮುಚ್ಕೊಂಡು ಓದೋರಿಗೆ. ನಿಮ್ಮ ಹುಡುಗಿ ಅಂಕ ಚೆನ್ನಾಗಿದೆ. ತಪ್ಪಾಯ್ತು, ಇನ್ನು ಮಾತಾಡಲ್ಲ ಅಂತ ಬರ್ಕೊಡು, ಜೊತೇಲಿ ನಿಂತಿದ್ದವಳ ಹೆಸರೂ ಬರಿ ಅಂದ್ವಿ. ಮೊದಲನೇದು ಬರೀತೀನಿ, ಎರಡನೇದು ಬರಿಯಲ್ಲ ಅಂದ್ಲು." ಅವನು ಮುಂದೆ ಬಾಗಿದ. "ನೀವು ಹೇಳಿ. ನಿಮಗೆ ಗೊತ್ತಿರುತ್ತೆ. ನೀವು ಹೇಳಿದ್ರೆ ಅವಳು ಹೇಳಿದ ಹಾಗಾಗಲ್ಲ, ಅವಳ ಮನಸ್ಸೂ ನೋಯಲ್ಲ. ನಿಮ್ಮ ಹೇಳಿಕೆ ಇಲ್ಲೇ ಹರೀತೀನಿ. ಹೊಸ ವರ್ಷ ಕಳೆದ ಮೇಲೆ ಅವಳು ಕ್ಲಾಸಿಗೆ ಹೋಗ್ತಾಳೆ."

ನನ್ನ ಬಾಯಲ್ಲಿ ಚಹಾ ಹೀರಲು ಇಟ್ಟುಕೊಂಡ ಸಕ್ಕರೆಯ ಗಟ್ಟಿ ಇತ್ತು, ಅದರ ಪಕ್ಕದಲ್ಲೇ ಆ ಹೆಸರೂ ಇತ್ತು. ಶಂಸಿಯನ್ನು ನಾನು ಕಂಡವಳಲ್ಲ. ತಾಬಂದೆ ನಾನು ಎತ್ತಿ ಆಡಿಸಿದ ಕೂಸು. ತೂಗಿ ನೋಡಿದರೆ ಯಾವುದು ಭಾರ ಎಂದು ಕೇಳಬೇಕೆ? ಆದರೆ ನಹಾವಂದಿನಲ್ಲೂ ಒಂದು ಗೋಡೆ, ಗೋಡೆಯಾಚೆ ಒಬ್ಬ ತಾಯಿ ಇರುತ್ತಾಳಲ್ಲ. ಅವಳು ಕೂಗುವುದು ನನಗೆ ಇಲ್ಲಿಂದಲೇ ಕೇಳಿಸಿದ ಹಾಗಾಯಿತು. ಸಕ್ಕರೆ ಕರಗುವವರೆಗೂ ಕೂತಿದ್ದೆ.

"ನೆನಪಿಲ್ಲ ಮಗನೇ."

"ಮೆಟ್ಟಿಲು ಏಳು ಅಂತ ನೆನಪಿದೆ. ಹೆಸರು ನೆನಪಿಲ್ವಾ?"

"ಮೆಟ್ಟಿಲೂ ಸುಳ್ಳು ಅಂದ್ನಲ್ಲ."

ಅವನು ಕಡತ ಮುಚ್ಚಿದ. ಮುಖದಲ್ಲಿ ಸಿಟ್ಟಿರಲಿಲ್ಲ. "ಹೊರಗೆ ಹಿಮ ಇದೆ, ಹುಷಾರಾಗಿ ಹೋಗಿ ತಾಯಿ" ಎಂದ.

ಸಂಜೆ ತಾಬಂದೆಯನ್ನು ಅಂಗಳದ ನಲ್ಲಿಯ ಹತ್ತಿರ ಹಿಡಿದು ಎಲ್ಲ ಹೇಳಿದೆ. ಅವಳು ಒಂದೇ ಕೇಳಿದಳು.

"ಹೆಸರು ಹೇಳಿದ್ರಾ?"

"ಇಲ್ಲ."

"ನಿಜವಾಗ್ಲೂ?"

"ನಿನ್ನ ತಲೆಯಾಣೆ, ಇಲ್ಲ."

ಅವಳು ಬಿಂದಿಗೆ ತುಂಬುವವರೆಗೆ ನಿಂತಿದ್ದು, ತುಂಬಿದ ಮೇಲೂ ನಿಂತಿದ್ದು, ನೀರು ಕಾಲ ಮೇಲೆ ಹರಿಯುತ್ತಿರುವಾಗ ನಲ್ಲಿ ನಿಲ್ಲಿಸಿ ಒಳಗೆ ಹೋದಳು. ಎರಡು ವಾರಕ್ಕೆ ಸೀಟು ರದ್ದಾದ ಕಾಗದ ಬಂತು. ಆ ಹೊತ್ತಿಗೆ ನನಗೆ ಕೂಡಿಸಿ ಓದಲು ಬರುತ್ತಿತ್ತು. "ಶಾಶ್ವತವಾಗಿ" ಎಂಬ ಪದದಲ್ಲಿ ಮಾತ್ರ ಎಡವಿದೆ. ರಹಮತ್ ಆಘಾ ಬಿಡಿಸಿ ಹೇಳಿದರು. ಅವರು ಅದಾಗಿ ಎರಡು ವರ್ಷ ಬದುಕಿದರು. ಎಶ್ರತ್ ನನ್ನೊಡನೆ ಮತ್ತೆ ಮಾತಾಡಿದ್ದು ಅವರ ಹೆಣ ಎತ್ತಿದ ದಿನ.

ತಾಬಂದೆ ಔಷಧಾಲಯದ ಮುದುಕ ಕಾಂಪೌಂಡರನ ಹತ್ತಿರ ಸೂಜಿ ಹಾಕುವುದು ಕಲಿತಳು. ಅದೇ ಯುದ್ಧದಲ್ಲಿ ವಿಮಾನಗಳು ಬಂದು ನಮ್ಮ ಊರಿಗೆ ಬಾಂಬು ಹಾಕಿದ ದಿನ ಆಸ್ಪತ್ರೆಯವರು ದಾರಿಯಲ್ಲಿ ಸಿಕ್ಕವರನ್ನೆಲ್ಲ ಒಳಗೆ ಕರೆದುಕೊಂಡರು. ಅವಳು ಎರಡು ದಿನ ಅಲ್ಲಿಯೇ ಇದ್ದು, ಹೊಲಿದು, ಕಟ್ಟಿ, ಸಾಯುವವರ ಬಾಯಿಗೆ ನೀರು ಬಿಟ್ಟಳು. ಮೂರನೆಯ ದಿನ ಒಬ್ಬ ಗುಮಾಸ್ತೆ ಬಂದು ಯಾವ ಕಾಲೇಜು, ಕಾಗದ ತೋರಿಸು ಎಂದನಂತೆ. ಅವಳು ಕೈ ತೊಳೆದುಕೊಂಡು ಮನೆಗೆ ಬಂದಳು. ತೋಳಿನ ಮೇಲೆ ಯಾರದೋ ರಕ್ತ ಒಣಗಿತ್ತು. ನಾನೇ ಬಿಸಿನೀರು ಹಾಕಿ ಉಜ್ಜಿದೆ.

ಮದುವೆಯೂ ಆಗಲಿಲ್ಲ. ಮಲಾಯೆರಿನವರು ನಿಜವಾಗಿ ಬರಲೇ ಇಲ್ಲ.

ಆ ಕಾಗದ ಬಂದ ಹದಿನೈದು ವರ್ಷದ ಮೇಲೆ ಒಂದು ವಸಂತದಲ್ಲಿ ಒಬ್ಬ ಹೆಂಗಸು ಕಾರಿನಲ್ಲಿ ಬಂದಳು. ತುಂಬಿದ ಮೈ, ಚಿನ್ನದ ಕನ್ನಡಕ, ಕೈಯಲ್ಲಿ ಮಿಠಾಯಿ ಪೆಟ್ಟಿಗೆ. ನಹಾವಂದಿನಲ್ಲಿ ಮಕ್ಕಳ ಡಾಕ್ಟರಂತೆ. ಶಂಸಿ. ತಾಬಂದೆ ಅವಳನ್ನು ತಬ್ಬಿಕೊಂಡಳು, ಚಹಾ ಮಾಡಿದಳು. ಎಶ್ರತ್ ಅಷ್ಟರಲ್ಲಿ ತೀರಿಕೊಂಡಿದ್ದಳು. ನಾನು ಮೂಲೆಯಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದೆ.

"ನೀನ್ಯಾಕೆ ವಾಪಸ್ ಬರ್ಲೇ ಇಲ್ಲ ತಾಬಂದೆ?" ಎಂದಳು ಶಂಸಿ. "ಪ್ರತೀ ತರಗತೀಲೂ ಬಾಗಿಲ ಕಡೆ ನೋಡ್ತಿದ್ದೆ. ನನ್ನನ್ನೂ ಕರೆದು ಕೇಳಿದ್ರು ಗೊತ್ತಾ? ಮೆಟ್ಟಿಲ ಮೇಲೆ ಯಾರಿದ್ರು ಅಂತ. ನನ್ನ ಹೆಸರು ಹೇಗೋ ಬಚಾವಾಯ್ತು. ನಾನು ಪುಣ್ಯವಂತೆ."

"ಅಪ್ಪಂಗೆ ಹುಷಾರಿರ್ಲಿಲ್ಲ ಕಣೆ" ಎಂದಳು ತಾಬಂದೆ. "ಆಮೇಲೆ ಹಾಗೇ ಬಿಟ್ಟುಹೋಯ್ತು. ಇನ್ನೊಂದು ಚಹಾ?"

ಶಂಸಿ ನನ್ನ ಕಡೆ ತಿರುಗಿ, "ಇವರು ಯಾರು?" ಎಂದಳು.

"ನಮ್ಮ ಖಾಲೆ."

ಕಾರು ಹೋದ ಮೇಲೆ ತಾಬಂದೆ ಲೋಟ ತೊಳೆದಳು. ಬೆನ್ನು ನನ್ನ ಕಡೆಗಿತ್ತು. ಹದಿನೈದು ವರ್ಷದಲ್ಲಿ ಒಮ್ಮೆಯೂ ಆಡದ ಮಾತನ್ನು ಅಂದು ಆಡಿದಳು.

"ಅವತ್ತು ನೀವು ಹೆಸರು ಹೇಳಿದ್ದಿದ್ರೆ ಜನ್ಮದಲ್ಲಿ ನಿಮ್ಮ ಮುಖ ನೋಡ್ತಿರ್ಲಿಲ್ಲ ಖಾಲೆ. ಹೇಳ್ಲಿಲ್ಲ ಅಂತಾನೂ ಎಷ್ಟೋ ವರ್ಷ ನಿಮ್ಮ ಮುಖ ನೋಡೋಕಾಗ್ಲಿಲ್ಲ."

ಅಷ್ಟರಲ್ಲಿ ಬಾಗಿಲು ಬಡಿದರು. ನೇಕಾರನ ಸೊಸೆಗೆ ಜ್ವರ, ಡಾಕ್ಟರು ಬರೆದ ಔಷಧಿ ತಂದಿದ್ದಾರೆ, ಚುಚ್ಚುವವರಿಲ್ಲ. ತಾಬಂದೆ ಕೈ ಒರೆಸಿಕೊಂಡು, ಸೂಜಿಯ ಡಬ್ಬಿ ಎತ್ತಿಕೊಂಡು, ಚಾದರ ಹೊದ್ದು ಹೊರಟಳು.